ನಲವತ್ತೆಂಟು ಅಂಶಗಳ ಮನೆಗಾಡಿ

ಜನವರಿಯ ಎರಡನೆಯ ಶನಿವಾರ, ಬೆಳಿಗ್ಗೆ ಏಳು ಗಂಟೆ. ವಾಮಂಜೂರಿನಲ್ಲಿ ಗದ್ದೆಯ ಅಂಚಿಗೆ ಕಟ್ಟಿದ ಒಂದು ತಾರಸಿ ಮನೆಯ ಅಂಗಳ. ಹಾಜರಿದ್ದವರು ನಾನು, ನನ್ನ ಹೆಂಡತಿ, ನಾವು ಕೊಳ್ಳಲೆಂದು ನೋಡಬಂದ ಹಳೆಯ ಮನೆಗಾಡಿಯ ಯಜಮಾನ ಮತ್ತು ಅವನ ತಾಯಿ. ಹಾಜರಿರಬೇಕಾಗಿದ್ದು ಇಲ್ಲದವರು ನನ್ನ ಹಳೆಯ ಸ್ನೇಹಿತರಾದ ಸಾಹೇಬರು. ಬಂದರಿನಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಅವರು ಏಳು ಎಂದು ಒಪ್ಪಿಕೊಂಡು ಏಳೂಮುಕ್ಕಾಲಿಗೆ ಬಂದರು. ನಲವತ್ತು ವರ್ಷದ ಸ್ನೇಹದಲ್ಲಿ ಅವರು ಹೇಳಿದ ಹೊತ್ತಿಗೆ ಬಂದದ್ದು ನನಗೆ ನೆನಪಿಲ್ಲ.

ನಾನು ಬೋರ್ಡಿಂಗ್ ಶಾಲೆಯಲ್ಲಿ ಓದಿದವನು. ಅಲ್ಲಿ ಏಳುವುದಕ್ಕೆ, ಹಲ್ಲುಜ್ಜುವುದಕ್ಕೆ, ಗಂಜಿಗೆ, ಕೊನೆಗೆ ಸುಮ್ಮನಿರುವುದಕ್ಕೂ ಒಂದು ಗಂಟೆ ಬಾರಿಸುತ್ತಿದ್ದರು. ಆಮೇಲೆ ಹೆಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಟೈಮ್ ಕೀಪರ್ ಆಗಿದ್ದೆ. ಗಂಟೆ ಕೇಳಿ ಓಡುತ್ತಿದ್ದವನು ಸೈರನ್ ಒತ್ತಿ ಓಡಿಸುವವನಾದೆ. ಬಡ್ತಿ ಎಂದರೆ ಇದೇ ಎಂದು ಆಗ ಅನಿಸಿತ್ತು. ಕಾರ್ಖಾನೆ ಮುಚ್ಚಿ, ಆ ಜಾಗದಲ್ಲಿ ಈಗ ಫ್ಲ್ಯಾಟುಗಳು ಎದ್ದಿವೆ. ಸೈರನ್ ಮಾತ್ರ ನಮ್ಮ ಉರ್ವದ ಮನೆಗೆ ಬಂದು ಸೇರಿಕೊಂಡಿದೆ ಎಂದು ಹೆಂಡತಿ ಹೇಳುತ್ತಾಳೆ. ಹನ್ನೆರಡೂವರೆಗೆ ಊಟ, ಎರಡರಿಂದ ಮೂರರ ತನಕ ನಿದ್ದೆ. ಆ ನಿದ್ದೆಯನ್ನು ನಾನು ಮಗಳ ಮದುವೆಯ ದಿನವೂ ತಪ್ಪಿಸಿರಲಿಲ್ಲ. ಕಲ್ಯಾಣಮಂಟಪದ ಅಡುಗೆ ಸಾಮಾನಿನ ಕೋಣೆಯಲ್ಲಿ ಮಲಗಿ, ಮೂರಕ್ಕೆ ಎದ್ದು, ಬೀಗರನ್ನು ಬೀಳ್ಕೊಟ್ಟಿದ್ದೆ.

ಇಂಥವನಿಗೆ ಓಡುವ ಮನೆ ಯಾಕೆ ಬೇಕಾಯಿತು ಎಂದು ಉರ್ವದ ಮಾರ್ಕೆಟಿನಲ್ಲಿ ಮೀನು ಮಾರುವವರೂ ಕೇಳಿದ್ದಾರೆ. ಬೇಕಾದದ್ದು ನನಗಲ್ಲ. ನನ್ನ ಹೆಂಡತಿಯ ಅಕ್ಕ ಮದುವೆಯಾಗಿ ಹೋದದ್ದು ಇಳಕಲ್ ಕಡೆ ಹೋಟೆಲ್ ನಡೆಸುವವರ ಮನೆಗೆ. ಅಲ್ಲಿಗೆ ಇಲ್ಲಿಂದ ಹನ್ನೊಂದು ಗಂಟೆಯ ಬಸ್ ದಾರಿ. ಅಕ್ಕ ಸೊಂಟ ಮುರಿದುಕೊಂಡು ಮಂಚ ಹಿಡಿದಿದ್ದಾರೆ, ಬರಲಾರರು. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ಮುಕ್ಕಾಲು ಗಂಟೆಗೊಮ್ಮೆ ಅವಳಿಗೆ ಶೌಚಾಲಯ ಬೇಕು, ಮಂಡಿ ಮಡಚಲಿಕ್ಕೂ ಆಗುವುದಿಲ್ಲ. ಐದು ವರ್ಷದ ಹಿಂದೆ ಬಿಜೈಯಲ್ಲಿ ಬಸ್ ಹತ್ತಿ ಹೊರಟಿದ್ದೆವು. ಮೂರು ಸಲ ಬಸ್ ನಿಲ್ಲಿಸಿ ಆಯಿತು. ನಾಲ್ಕನೆಯ ಸಲ ಕೇಳುವ ಮೊದಲೇ ಹಿಂದಿನ ಸೀಟಿನವರು ಗಟ್ಟಿಯಾಗಿ ಗಡಿಯಾರ ನೋಡತೊಡಗಿದರು. ಅವಳು ಕುಂದಾಪುರದಲ್ಲಿ ಇಳಿದಳು, ಮತ್ತೆ ಹತ್ತಲಿಲ್ಲ. ಕಾರು ಮಾಡಿಕೊಂಡು ಪೆಟ್ರೋಲ್ ಬಂಕುಗಳಲ್ಲಿ ನಿಲ್ಲಿಸಿ ಹೋಗೋಣ ಎಂದೆ. "ಬಂಕಿನಲ್ಲಿ ಬಾಗಿಲು ಇರ್ತದೆ, ಬೀಗ ಇರ್ತದೆ. ಕೀ ಇರುವವ ಚಾ ಕುಡೀಲಿಕ್ಕೆ ಹೋಗಿರ್ತಾನೆ" ಎಂದಳು. ಅಂದಿನಿಂದ ಅಕ್ಕತಂಗಿಯರ ಭೇಟಿ ಫೋನಿನ ಪರದೆಯಲ್ಲಿ. ಅಕ್ಕನಿಗೆ ಫೋನ್ ಹಿಡಿಯಲು ಬಾರದು. ಇವಳು ಐದು ವರ್ಷ ನೋಡಿದ್ದು ಅಕ್ಕನ ಹಣೆ ಮತ್ತು ಫ್ಯಾನನ್ನು.

ಆದ್ದರಿಂದ ಶೌಚಾಲಯವಿರುವ ಗಾಡಿ. ಓಡಿಸಲು ಸಾಹೇಬರು ಒಪ್ಪಿದ್ದರು. ಹಿಂದೆ ಲಾರಿ ಓಡಿಸಿದವರು, ಲೈಸೆನ್ಸ್ ಇನ್ನೂ ಇಟ್ಟುಕೊಂಡಿದ್ದಾರೆ. ಹಿಂದಿನ ದಿನ ಫೋನಿನಲ್ಲಿ ಒಂದೇ ಒಂದು ಸಲಹೆ ಕೊಟ್ಟಿದ್ದರು. "ಹೇಳದೆ ಹೋಗ್ಬೇಕು ಮಾರಾಯ್ರೇ. ಹಳೇ ಗಾಡಿ ನೋಡ್ಲಿಕ್ಕೆ ಟೈಮ್ ಹೇಳಿ ಹೋಗುವವರು ಊರಲ್ಲಿ ನೀವೊಬ್ರೇ."

ಹೇಳದೆ ಹೋಗುವುದು ನನ್ನ ಪ್ರಕಾರ ಕಳ್ಳರ ಪದ್ಧತಿ. ಗಾಡಿಯ ಯಜಮಾನನಿಗೆ ಮೂರು ದಿನ ಮುಂಚೆ ತಿಳಿಸಿದ್ದೆ, ಹಿಂದಿನ ಸಂಜೆ ನೆನಪಿಸಿದ್ದೆ. ಫುಲ್‌ಸ್ಕೇಪ್ ಹಾಳೆಯಲ್ಲಿ ನಲವತ್ತೆಂಟು ಅಂಶಗಳ ಪಟ್ಟಿ ಮಾಡಿದ್ದೆ. ಸರಿ, ತಪ್ಪು, ಷರಾ ಎಂದು ಮೂರು ಕಾಲಂ. ಒಂದು ಅಂಶಕ್ಕೆ ಎರಡೂವರೆ ನಿಮಿಷದಂತೆ ಒಟ್ಟು ಎರಡು ಗಂಟೆ. ಒಂಬತ್ತಕ್ಕೆ ಮುಕ್ತಾಯ, ಯಾಕೆಂದರೆ ಒಂಬತ್ತೂವರೆಗೆ ಮನೆಯಲ್ಲಿ ನನ್ನ ಬಿ.ಪಿ. ಮಾತ್ರೆ.

ಗಾಡಿ ಮೂಲದಲ್ಲಿ ಯಾವುದೋ ಕಂಪೆನಿಯ ಸಿಬ್ಬಂದಿಯನ್ನು ಸಾಗಿಸುತ್ತಿದ್ದ ಡೀಸೆಲ್ ಮಿನಿ ಬಸ್. ಹದಿನೆಂಟು ವರ್ಷ ದುಬೈಯಲ್ಲಿದ್ದು ಬಂದ ಯಜಮಾನ ಅದನ್ನು ಕೊಂಡು, ಸೀಟುಗಳನ್ನು ಕೀಳಿಸಿ, ಒಳಗೊಂದು ಮನೆ ಕಟ್ಟಿಸಿದ್ದ. ಎರಡು ಮಂಚ, ಗ್ಯಾಸ್ ಒಲೆ, ಸಿಂಕು, ಫ್ರಿಜ್, ಎ.ಸಿ., ನಮ್ಮ ಚಾವಡಿಯದ್ದಕ್ಕಿಂತ ದೊಡ್ಡ ಟಿ.ವಿ. ಸೀಲಿಂಗಿಗೆ ಕನ್ನಡಿ ಅಂಟಿಸಿ ಸುತ್ತಲೂ ನೀಲಿ ದೀಪ ಹಾಕಿಸಿದ್ದ. ತಲೆಯೆತ್ತಿದರೆ ನನ್ನ ಬೋಳುತಲೆ ನೀಲಿಯಾಗಿ ಕಾಣುತ್ತಿತ್ತು.

"ಕಾಶ್ಮೀರಕ್ಕೆ ಹೋಗ್ಲಿಕ್ಕೆ ಅಂತ ಮಾಡಿಸಿದ್ದು ಸಾರ್" ಎಂದ.

"ಹೋದಿರಾ?"

"ಇಲ್ಲೇ ಒಂದು ಗಂಟೆ ದಾರಿ, ಕಾಪುವಿನ ತನಕ ಹೋದೆವು. ಹೆಂಡತಿಗೆ ತಲೆ ತಿರುಗಿತು."

"ಆಮೇಲೆ?"

"ಆಮೇಲೆ ಮದುವೆಗಳಿಗೆ ಕೊಟ್ಟೆ. ಮದುಮಗಳ ಡ್ರೆಸ್ಸಿಂಗ್ ರೂಮ್. ಒಳ್ಳೆ ಹೆಸರುಂಟು ಸಾರ್ ಇದಕ್ಕೆ. ಇದರಲ್ಲಿ ರೆಡಿಯಾದ ಒಂದು ಮದುಮಗಳೂ ವಾಪಸ್ ಬರ್ಲಿಲ್ಲ."

ಇದಕ್ಕೆ ನನ್ನ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಮೊದಲನೆಯ ಅಂಶ: ಎಂಜಿನ್ ತಣ್ಣಗಿದೆಯೇ? ಬಿಸಿ ಮಾಡಿಟ್ಟ ಡೀಸೆಲ್ ಎಂಜಿನ್ ಎಲ್ಲರಿಗೂ ಒಳ್ಳೆಯ ಮುಖ ತೋರಿಸುತ್ತದೆ. ಅದರ ನಿಜ ಗುಣ ತಿಳಿಯುವುದು ತಣ್ಣಗಿದ್ದಾಗ. ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. 'ಸರಿ' ಎಂದು ಗುರುತು ಹಾಕುವಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ಎರಡನೆಯದು ಸ್ಟಾರ್ಟ್. ಕೀ ತಿರುಗಿಸಿದ್ದೇ ತಡ, ಸೈನ್ಯದಲ್ಲಿ ಹೆಸರು ಕರೆದಾಗ ಸಿಪಾಯಿ ಓಗೊಟ್ಟಂತೆ ಒಂದೇ ಸಲಕ್ಕೆ ಎದ್ದಿತು. ಕರಿ ಹೊಗೆಯಿಲ್ಲ, ನೀಲಿ ಹೊಗೆಯಿಲ್ಲ. ಆಯಿಲ್ ಮುಚ್ಚಳ ತೆಗೆದು ಅಂಗೈ ಹಿಡಿದೆ, ಒಳಗಿನಿಂದ ಗಾಳಿ ಉಗುಳಲಿಲ್ಲ. ಎಲ್ಲಾ 'ಸರಿ'.

ನಮ್ಮ ಊರಿನಲ್ಲಿ ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ ಬಿಸ್ಕತ್ತಿನಂತಾಗುತ್ತದೆ. ಹೊಸ ಬಣ್ಣ ಕಂಡಲ್ಲೇ ಬಡಿದು ನೋಡಬೇಕು. ಚಾಪೆ ಹಾಸಿ ಗಾಡಿಯ ಕೆಳಗೆ ನುಗ್ಗಿ, ಸಣ್ಣ ಸುತ್ತಿಗೆಯಿಂದ ಚಾಸಿಯ ಚೌಕಟ್ಟನ್ನು ಉದ್ದಕ್ಕೂ ತಟ್ಟಿದೆ. ಎರಡು ಕಡೆ ಸದ್ದು ಟೊಳ್ಳಾಗಿ ಬಂತು. 'ತಪ್ಪು' ಎಂದು ಬರೆದು ಸೀಮೆಸುಣ್ಣದಿಂದ ವೃತ್ತ ಹಾಕಿದೆ. ಸಾಹೇಬರು ಬಂದಾಗ ಗಾಡಿಯ ಅಡಿಯಿಂದ ನನ್ನ ಎರಡು ಕಾಲುಗಳು ಮಾತ್ರ ಹೊರಗಿದ್ದವು.

"ಇವರನ್ನೂ ಸೇರಿಸಿ ಮಾರುವುದಾ?" ಎಂದು ಯಜಮಾನನನ್ನು ಕೇಳಿದರು.

ಎದ್ದು ಬಂದು ಗಡಿಯಾರ ತೋರಿಸಿದೆ. ಅವರು ಅದನ್ನು ನೋಡಿ "ಹೌದು, ಒಳ್ಳೆ ವಾಚು" ಎಂದರು. ಆಮೇಲೆ ಓಡುತ್ತಿದ್ದ ಎಂಜಿನ್ನಿನ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತರು. ಬಾನೆಟ್ಟಿನ ಒಳಗೆ ಬೆರಳು ಹಾಕಿ, ಹೊರತೆಗೆದು, ಮೂಸಿ ನೋಡಿದರು.

"ಎಂಜಿನ್ ಒಳ್ಳೇದುಂಟು. ಇಲ್ಲಿ ಯಾಕೆ ಡೀಸೆಲ್ ಒದ್ದೆ?"

"ನಿನ್ನೆ ವಾಶ್ ಮಾಡಿಸಿದ್ದು" ಎಂದ ಯಜಮಾನ.

"ಡೀಸೆಲ್‌ನಲ್ಲಾ?"

ಯಜಮಾನ ನಕ್ಕ. ಸಾಹೇಬರೂ ನಕ್ಕರು. ಹದಿನೇಳನೆಯ ಅಂಶಕ್ಕೆ ಹೊತ್ತಾಗಿದ್ದರಿಂದ ನಾನು ನಗಲಿಲ್ಲ.

ಹದಿನೇಳನೆಯದು ಮಳೆ. ಜೂನ್‌ನಲ್ಲಿ ಸೋರುವ ಗಾಡಿಯನ್ನು ಜನವರಿಯಲ್ಲಿ ಕಂಡುಹಿಡಿಯಬೇಕು. ಮಂಚದ ಮೇಲೆಲ್ಲ ಹಳೆಯ ಪೇಪರ್ ಹಾಸಿ, ಒಳಗೆ ಕುಳಿತು, ಮೇಲಿನಿಂದ ಪೈಪಿನಲ್ಲಿ ನೀರು ಬಿಡಿಸಿದೆ. ಪೇಪರ್ ಒಣಗಿಯೇ ಇತ್ತು. ಎಲ್ಲಾ ಲೆಕ್ಕಾಚಾರದಂತೆ ನಡೆಯುತ್ತಿದ್ದಾಗ ಆರ್.ಸಿ. ಪುಸ್ತಕ ಕೈಕೊಟ್ಟಿತು. ಬಸ್ಸನ್ನು ಮನೆಗಾಡಿ ಮಾಡಿದ ಬದಲಾವಣೆ ಅದರಲ್ಲಿ ನಮೂದಾಗಿರಬೇಕು. ನಮೂದಾಗಿತ್ತು, ಆದರೆ ಪುಸ್ತಕವನ್ನು ಹುಡುಕಲು ಯಜಮಾನ ಮೂರು ಕಪಾಟು ತೆರೆದು ಇಪ್ಪತ್ತು ನಿಮಿಷ ತಿಂದ. ನಲವತ್ತಾರನೆಯ ಅಂಶವಾದ ಟೂಲ್ ಬಾಕ್ಸ್ ಮುಗಿಯುವಾಗ ಸರಿಯಾಗಿ ಒಂಬತ್ತು.

ನಲವತ್ತೇಳನೆಯ ಅಂಶದ ಬಾಗಿಲಿಗೆ ಬೀಗವಿತ್ತು. "ಕೀ ಎಲ್ಲೋ ಉಂಟು ಸಾರ್, ನೋಡ್ತೇನೆ" ಎಂದ ಯಜಮಾನ. ಇನ್ನೂ ಮೂರು ಕಪಾಟುಗಳು ಕಣ್ಣಮುಂದೆ ಬಂದವು. ಪೆನ್ನಿನ ಮುಚ್ಚಳ ಹಾಕಿದೆ. ಅಷ್ಟು ಹೊತ್ತೂ ನನ್ನ ಹೆಂಡತಿ ಒಳಗೆ ಅಡುಗೆಮನೆಯಲ್ಲಿ ಯಜಮಾನನ ತಾಯಿಯ ಜೊತೆ ತುಳುವಿನಲ್ಲಿ ಮಾತಾಡುತ್ತಾ, ಅವರು ಕೊಟ್ಟ ಬೊಂಡದ ಎಳನೀರು ಕುಡಿಯುತ್ತಾ ಕುಳಿತಿದ್ದಳು. ಹೊರಡುವಾಗ ಒಂದು ಮಾತೂ ಆಡಲಿಲ್ಲ. ಒಪ್ಪಿಗೆ ಎಂದುಕೊಂಡೆ. ಸಾಹೇಬರ ಕಾರಿನಲ್ಲಿ ಬಂದು, ಒಂಬತ್ತು ಮೂವತ್ತೆರಡಕ್ಕೆ ಮಾತ್ರೆ ನುಂಗಿದೆ. ಸಾಹೇಬರು ಊಟಕ್ಕೆ ನಮ್ಮಲ್ಲೇ ಉಳಿದರು.

ಒಂದು ಐವತ್ತಕ್ಕೆ ಚಾಪೆ ಬಿಡಿಸುತ್ತಿದ್ದೆ. ಹೆಂಡತಿ ಕನ್ನಡಕ ಹಾಕಿಕೊಂಡು ನನ್ನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಂದಳು.

"ಈ ಗಾಡಿ ನಾವು ಯಾಕೆ ತೆಗೊಳ್ಳುವುದು?"

"ನೀನು ಅಕ್ಕನನ್ನು ನೋಡ್ಲಿಕ್ಕೆ."

"ಅದಕ್ಕೆ ಗಾಡಿಯಲ್ಲಿ ಎಂತ ಬೇಕು?"

ಎಂತ ಬೇಕು ಎಂದು ಹೇಳಿದೆ.

"ಅದು ಇಲ್ಲಿ ಎಷ್ಟನೆಯದ್ದು? ನಲವತ್ತೇಳು. 'ಇತರೆ'ಯ ಅಡಿಯಲ್ಲಿ. ಜಾಕಿ ಲಿವರಿನ ನಂತರ." ಅವಳ ಧ್ವನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ನನ್ನದು ಇತರೆಯಾ ಮಾರಾಯ್ರೇ?"

ಗಾಡಿಯನ್ನು ಮುಂದಿನಿಂದ ಹಿಂದಕ್ಕೆ ಪರೀಕ್ಷಿಸುವ ಕ್ರಮ, ಶೌಚಾಲಯ ಕೊನೆಯಲ್ಲಿದೆ, ಹಾಗಾಗಿ ಕೊನೆಯಲ್ಲಿ ಬಂತು ಎಂದು ವಿವರಿಸಿದೆ. ಹೇಳುತ್ತಿದ್ದಂತೆ ನನಗೇ ಅದು ಪೊಳ್ಳಾಗಿ ಕೇಳಿಸಿತು. ಚಾವಡಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಸಾಹೇಬರು ಕೆಮ್ಮಿದರು.

"ಇನ್ನೊಂದುಂಟು" ಎಂದಳು. "ಆ ಗಾಡಿ ದಿನಾ ಸ್ಟಾರ್ಟ್ ಆಗುವುದಿಲ್ಲ. ಇವತ್ತು ಅವ ಐದೂವರೆಗೆ ಎದ್ದು, ಬಾನೆಟ್ ತೆಗೆದು, ಎಂತದೋ ಪಂಪು ಒತ್ತಿ ಒತ್ತಿ, ಎರಡು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡಿ ಇಟ್ಟದ್ದಂತೆ. ಅವನ ಅಮ್ಮನೇ ಹೇಳಿದ್ದು. 'ಪಾಪ, ಇವನಿಗೆ ಬೆಳಿಗ್ಗೆ ಚಾ ಸಹ ಆಗ್ಲಿಲ್ಲ' ಅಂತ."

"ಬಾನೆಟ್ ತಣ್ಣಗಿತ್ತಲ್ಲ!"

"ಎರಡು ನಿಮಿಷಕ್ಕೆ ಬಿಸಿ ಆಗ್ತದಾ? ನೀವು ಏಳಕ್ಕೇ ಬರ್ತೀರಿ ಅಂತ ಅವನಿಗೆ ಗೊತ್ತುಂಟು. ಅದನ್ನು ಹೇಳಿಕೊಟ್ಟದ್ದೂ ಅಮ್ಮನೇ. ಅವರ ಗಂಡ ನಿಮ್ಮ ಫ್ಯಾಕ್ಟರಿಯಲ್ಲಿ ಇದ್ದವರು. ನಾಲ್ಕು ನಿಮಿಷ ಲೇಟಾಯ್ತು ಅಂತ ನೀವು ಅರ್ಧ ದಿನ ಕಟ್ ಮಾಡಿದ್ರಂತೆ. 'ಸೈರನಿನವರು ಏಳು ಅಂದ್ರೆ ಏಳೇ ಮಗಾ, ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ' ಅಂದ್ರಂತೆ."

"ಇದನ್ನು ಅಲ್ಲೇ ಯಾಕೆ ಹೇಳ್ಲಿಲ್ಲ?"

"ಅವರ ಬೊಂಡ ಕುಡಿದು, ಅವರ ಅಂಗಳದಲ್ಲೇ ಅವರ ಮಗನ ಮರ್ಯಾದೆ ತೆಗೀಲಿಕ್ಕುಂಟಾ? ಈಗ ಹೋಗುವ, ಏಳಿ."

"ಈಗ ಎರಡು ಗಂಟೆ."

"ಅದಕ್ಕೇ ಈಗ" ಎಂದರು ಸಾಹೇಬರು, ಕಾರಿನ ಕೀ ಆಡಿಸುತ್ತಾ. ನಾನು ಚಾಪೆಯನ್ನು ಮತ್ತೆ ಸುತ್ತಿಟ್ಟೆ. ಹೆಂಡತಿ ಹೊರಡುವ ಮೊದಲು ಮೂರು ಲೋಟ ನೀರು ಕುಡಿದಳು. ಬೇಡವೆಂದೆ. ಪರೀಕ್ಷೆ ಮಾಡುವುದಾದರೆ ಸರಿಯಾಗಿ ಮಾಡಬೇಕು ಎಂದಳು. ಅದು ನನ್ನದೇ ಮಾತು.

ಎರಡೂವರೆಗೆ ನಾವು ಅಂಗಳಕ್ಕೆ ಹೋದಾಗ ಯಜಮಾನ ಲುಂಗಿಯಲ್ಲಿ ಜಗಲಿಯ ಮೇಲೆ ಮಲಗಿದ್ದ. ಎದ್ದು ಕಣ್ಣುಜ್ಜಿಕೊಂಡ. "ಸಾರ್, ನೀವಾ? ಇದು ನಿಮ್ಮ ನಿದ್ದೆಯ ಟೈಮ್ ಅಲ್ವಾ?"

ನನ್ನ ನಿದ್ದೆಯ ಹೊತ್ತು ವಾಮಂಜೂರಿನ ತನಕ ಗೊತ್ತಿರುವುದು ನನಗೆ ಗೊತ್ತಿರಲಿಲ್ಲ.

ಕೀ ತಿರುಗಿಸಿದ. ಬೆಳಿಗ್ಗೆ ಸಿಪಾಯಿಯಂತೆ ಎದ್ದದ್ದು ಈಗ ಕಿರ್ ಕಿರ್ ಎಂದು ನರಳಿತು, ಎದ್ದೇಳಲಿಲ್ಲ. ಮತ್ತೆ ತಿರುಗಿಸಿದ, ಮತ್ತೆ ನರಳಿತು. ಸಾಹೇಬರು ಆರಾಮವಾಗಿ ಬಾನೆಟ್ ಎತ್ತಿದರು. "ಏರ್ ಹಿಡಿದಿದೆ. ಪೈಪಿನಲ್ಲಿ ಎಲ್ಲೋ ಬಿರುಕುಂಟು. ನಿಲ್ಲಿಸಿಟ್ರೆ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳೀತದೆ, ಗಾಳಿ ಒಳಗೆ ಬರ್ತದೆ. ಬೆಳಿಗ್ಗೆಯ ಒದ್ದೆ ಇದೇ." ಪಂಪು ಒತ್ತತೊಡಗಿದರು. ಅಭ್ಯಾಸಬಲದಿಂದ ನಾನು ಗಡಿಯಾರ ನೋಡಿದೆ. ನಾಲ್ಕು ನಿಮಿಷಕ್ಕೆ ಎಂಜಿನ್ ಎದ್ದಿತು.

"ಹೇಳ್ಬೇಕು ಅಂತಲೇ ಇದ್ದೆ ಸಾರ್" ಎಂದ ಯಜಮಾನ. ಅವನ ಮುಖ ಬಾಡಿತ್ತು.

"ಯಾವಾಗ?"

"ನೀವು ಕೇಳಿದ್ರೆ ಹೇಳ್ತಿದ್ದೆ. ನೀವು ನಲವತ್ತಾರು ಕೇಳಿದ್ರಿ. ಇದೊಂದು ಕೇಳ್ಲಿಲ್ಲ."

ನನಗೆ ಕೋಪ ಬಂತು. ವ್ಯಾಪಾರ ಬೇಡ, ಮುಚ್ಚಿಟ್ಟವನ ಗಾಡಿ ಬೇಡ ಎಂದು ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿದೆ. ಪೈಪು ಚಿಕ್ಕದು, ಅಂಗಡಿಯಲ್ಲಿ ಉಂಟು, ಹತ್ತು ನಿಮಿಷದ ಕೆಲಸ ಎಂದು ಸಾಹೇಬರು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ವಿಷಯ ಪೈಪಿನದ್ದಲ್ಲ, ಶಿಸ್ತಿನದ್ದು ಎಂದೆ. ಯಜಮಾನನ ತಾಯಿ ಬಾಗಿಲಿಗೆ ಬಂದು ನಿಂತಿದ್ದರು. ತಾನು ಆಡಿದ ಮಾತು ಎಲ್ಲಿಗೆ ಬಂದು ಮುಟ್ಟಿತೆಂದು ಅವರಿಗೆ ಅರ್ಥವಾಗಿತ್ತು. ಸೆರಗು ಬಾಯಿಗಿಟ್ಟುಕೊಂಡಿದ್ದರು.

ಹೆಂಡತಿ ನನ್ನ ಹತ್ತಿರ ಬಂದಳು. ಇತರರಿಗೆ ಕೇಳಿಸದಷ್ಟು ಸಣ್ಣ ಧ್ವನಿಯಲ್ಲಿ ಹೇಳಿದಳು: "ಅವ ಮುಚ್ಚಿಟ್ಟದ್ದು ನಾಲ್ಕು ನಿಮಿಷ. ಇವತ್ತೂ ಅರ್ಧ ದಿನ ಕಟ್ ಮಾಡುವುದಾ? ಅವರದ್ದಲ್ಲ, ಈ ಸಲ ನನ್ನದು ಕಟ್ ಆಗುವುದು. ಐದು ವರ್ಷ ಆಯ್ತು."

ಯಜಮಾನನ ತಂದೆಯ ಮುಖ ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಗೇಟಿನ ಹೊರಗೆ ನಿಂತವರ ಮುಖ ನೋಡುವ ಅಭ್ಯಾಸ ನನಗಿರಲಿಲ್ಲ. ಗಡಿಯಾರ ನೋಡುತ್ತಿದ್ದೆ, ನಂಬರ್ ಬರೆಯುತ್ತಿದ್ದೆ.

ಪಟ್ಟಿಯನ್ನು ಜೇಬಿನಿಂದ ತೆಗೆದು ಬಿಡಿಸಿದೆ. "ನಲವತ್ತೇಳು. ಕೀ ಸಿಕ್ಕಿತಾ?" ಎಂದು ಯಜಮಾನನನ್ನು ಕೇಳಿದೆ.

ಕೀ ಅವನ ತಾಯಿಯ ಸೆರಗಿನ ತುದಿಯಲ್ಲಿತ್ತು. ಬಾಗಿಲು ತೆರೆದಾಗ ಕಂಡದ್ದು ಶೌಚಾಲಯವಲ್ಲ, ಉಗ್ರಾಣ. ದುಬೈಯ ಎರಡು ಕಂಬಳಿಗಳು, ಪ್ಲಾಸ್ಟಿಕ್ ಹೂವಿನ ಮಾಲೆಗಳು, ಒಂದು ಕುಕ್ಕರ್, ಮದುಮಗಳು ಕೂರುವ ಬಂಗಾರದ ಬಣ್ಣದ ಸ್ಟೂಲು, ಅರ್ಧ ಮೂಟೆ ಕುಚ್ಚಲಕ್ಕಿ. ತಾಯಿಯೂ ಮಗನೂ ನಾಚಿಕೊಂಡು ಒಂದೊಂದನ್ನೇ ಹೊತ್ತು ಇಳಿಸಿದರು. ಸಾಹೇಬರು ಸ್ಟೂಲನ್ನು ಅಂಗಳದಲ್ಲಿಟ್ಟು ಅದರ ಮೇಲೆ ಕುಳಿತರು. ಎಲ್ಲದರ ಹಿಂದೆ, ಬಳಸದ್ದರಿಂದ ಹೊಚ್ಚ ಹೊಸದಾಗಿಯೇ ಉಳಿದ ಕಮೋಡ್ ಇತ್ತು. ಪಕ್ಕದ ಗೋಡೆಗೆ ಹಿಡಿಕೆ. ನಾನು ನೋಡಲು ಮುಂದಾದಾಗ ಹೆಂಡತಿ ಅಡ್ಡ ನಿಂತಳು. "ಇದು ನಿಮ್ಮ ಕೆಲಸ ಅಲ್ಲ."

ಟ್ಯಾಂಕಿಗೆ ನೀರು ತುಂಬಿಸಿ ಹೊರಟೆವು. ಸಾಹೇಬರು ಚಾಲಕರು, ಯಜಮಾನ ಪಕ್ಕದಲ್ಲಿ, ನಾವಿಬ್ಬರು ಒಳಗೆ. ಒಳದಾರಿಗಳ ಹೊಂಡಗಳಲ್ಲಿ ಇಳಿದು ಹತ್ತಿ ಅರ್ಧ ಗಂಟೆ ತಿರುಗಿದ ಮೇಲೆ ಹೆಂಡತಿ ಎದ್ದಳು. ಸಾಹೇಬರಿಗೆ ನಿಲ್ಲಿಸಲು ಹೇಳಿದೆ. ಗದ್ದೆಯ ಬದಿಯಲ್ಲಿ ನಿಲ್ಲಿಸಿದರು. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಗಂಡಸರು ಮೂವರೂ ಕೆಳಗಿಳಿದು, ಬೇರೆಲ್ಲೋ ನೋಡುತ್ತಾ ನಿಂತೆವು. ಹಿಂದಿನಿಂದ ಬಂದ ಸಿಟಿ ಬಸ್ಸು ಹಾರ್ನ್ ಹೊಡೆಯಿತು. ಸಾಹೇಬರು ಕೈ ಬೀಸಿ ಮುಂದೆ ಹೋಗಲು ಹೇಳಿದರು.

ಎರಡು ನಿಮಿಷ. ನಾಲ್ಕು. ಏಳು. ಒಳಗೆ ಪಂಪಿನ ಸದ್ದು ಬಂತು, ನೀರಿನ ಸದ್ದು ಬಂತು, ಆಮೇಲೆ ಯಾವ ಸದ್ದೂ ಇಲ್ಲ.

"ಚಿಲಕ ಸಿಕ್ಕಿಕೊಂಡಿತಾ ಎಂತ?" ಎಂದು ಯಜಮಾನ ಪಿಸುಗುಟ್ಟಿದ. ಗಾಡಿ ಹತ್ತಿ ಬಾಗಿಲು ಬಡಿದೆ.

"ಎಂತ ಅರ್ಜೆಂಟು ನಿಮಗೆ?" ಎಂದಿತು ಒಳಗಿನಿಂದ ಧ್ವನಿ. ಇನ್ನೂ ನಾಲ್ಕು ನಿಮಿಷ ಬಿಟ್ಟು ಅವಳು ಹೊರಬಂದಳು. ಮುಖ ತೊಳೆದುಕೊಂಡಿದ್ದಳು.

"ಏನಾಯಿತು?"

"ಒಳಗೆ ಕಿಟಕಿ ಉಂಟು" ಎಂದಳು. "ಸಣ್ಣದು. ಗದ್ದೆ ಕಾಣ್ತದೆ. ಎರಡು ಕೊಕ್ಕರೆ ಉಂಟು. ಯಾರೂ ವಾಚು ನೋಡುವವರಿಲ್ಲ." ನನ್ನ ಜೇಬಿನಿಂದ ಪೆನ್ನು ತೆಗೆದು, ಪಟ್ಟಿಯನ್ನು ಬಾಗಿಲಿಗೆ ಒತ್ತಿ ಹಿಡಿದು, ನಲವತ್ತೇಳನೆಯ ಅಂಶದ ಮುಂದೆ 'ಸರಿ' ಎಂದು ತಾನೇ ಬರೆದಳು. ಷರಾ ಕಾಲಂನಲ್ಲಿ 'ಒಳಗಿನ ಕನ್ನಡಿ ಸ್ವಲ್ಪ ಕೆಳಗೆ ಇಳಿಸಬೇಕು' ಎಂದು ಸೇರಿಸಿದಳು.

ಪೈಪನ್ನು ಸಾಹೇಬರು ಸೋಮವಾರ ಹಾಕಿಸುವುದು, ಚಾಸಿಯಲ್ಲಿ ತುಕ್ಕು ಹಿಡಿದ ಎರಡು ಕಡೆ ಯಜಮಾನ ವೆಲ್ಡಿಂಗ್ ಮಾಡಿಸಿಕೊಡುವುದು, ನೀಲಿ ದೀಪಗಳನ್ನು ಅವನೇ ಕಳಚಿಕೊಳ್ಳುವುದು ಎಂದಾಯಿತು. ರಿಪೇರಿಯಾದ ಮೇಲೆ ಮತ್ತೆ ನೋಡಲು ಬರುತ್ತೇನೆ ಎಂದೆ. "ಎಷ್ಟು ಗಂಟೆಗೆ ಸಾರ್?" ಎಂದು ಕೇಳಿದ. ಹೇಳಲಿಲ್ಲ. ಕಷ್ಟವಾಯಿತು, ಆದರೂ ಹೇಳಲಿಲ್ಲ. ಹೊರಡುವಾಗ ಅವನ ತಾಯಿಯ ಮುಂದೆ ನಿಂತೆ. ಎಷ್ಟೋ ವರ್ಷದ ಹಿಂದಿನ, ಅವರ ಗಂಡನ ಆ ನಾಲ್ಕು ನಿಮಿಷದ ಮಾತೆತ್ತಿದೆ. "ಅವತ್ತು ಯಾಕೆ ತಡವಾಗಿತ್ತು?" ಎಂದಷ್ಟೇ ಕೇಳಿದೆ.

"ಅವತ್ತು ಇವ ಹುಟ್ಟಿದ್ದು" ಎಂದು ಮಗನನ್ನು ತೋರಿಸಿದರು. ಅವರ ದನಿಯಲ್ಲಿ ದೂರು ಇರಲಿಲ್ಲ. ನನಗೂ ಒಂದು ಬೊಂಡ ಕೆತ್ತಿಸಿ ಕೊಟ್ಟರು. ನಿಂತುಕೊಂಡೇ ಪೂರ್ತಿ ಕುಡಿದೆ.

ಮನೆಗೆ ಬಂದಾಗ ಐದೂ ನಲವತ್ತು. ಆರಕ್ಕೆ ಹೆಂಡತಿ ಅಕ್ಕನಿಗೆ ಫೋನ್ ಮಾಡಿದಳು. ಪರದೆಯಲ್ಲಿ ಯಥಾಪ್ರಕಾರ ಹಣೆ ಮತ್ತು ಫ್ಯಾನು.

"ಅಕ್ಕಾ, ನಾವು ಬರ್ತೇವೆ."

ಹಣೆ ಹತ್ತಿರ ಬಂದು ಪರದೆ ತುಂಬಿತು. ಆಮೇಲೆ "ಯಾವತ್ತು? ಎಷ್ಟು ಹೊತ್ತಿಗೆ? ನಾನು ಕಾಯುತ್ತಾ ಕೂತ್ಕೊಳ್ತೇನೆ" ಎಂದಿತು.

"ಗೊತ್ತಿಲ್ಲ ಅಕ್ಕ. ದಾರಿಯಲ್ಲಿ ಎಷ್ಟು ಸಲ ನಿಲ್ಲಿಸಿದ್ರೂ ಆಗ್ತದೆ. ಬಂದಾಗ ಬಂದದ್ದು" ಎಂದು ನನ್ನ ಕಡೆ ನೋಡಿದಳು. ನಾನು ಗೋಡೆಯ ಗಡಿಯಾರದ ಕಡೆ ನೋಡದೆ ಕುಳಿತಿದ್ದೆ.

ಫೋನ್ ಇಟ್ಟ ಮೇಲೆ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿದೆ. ಉಳಿದಿದ್ದದ್ದು ನಲವತ್ತೆಂಟನೆಯದು: ತೀರ್ಮಾನ. 'ಕೊಳ್ಳುವುದು' ಎಂದು ಬರೆದು, ಕೆಳಗೆ ಇಬ್ಬರೂ ಸಹಿ ಹಾಕಿದ ಮೇಲೆ, ಪೆನ್ನಿನ ಮುಚ್ಚಳ ಮುಚ್ಚಿದೆ.